ಗೆಳೆಯರು ಬರೋವರೆಗೆ ಒಬ್ಬರೇ ಏನು ಆಡೋದು?

ಹೋದ ತಿಂಗಳು ಈ ಅಂಕಣದಲ್ಲಿ ಮಾತಿನ ಮಧ್ಯೆ ಒಂದು ಸಾಲು ಬರೆದಿದ್ದೆ. ಸಿಯಾಟಲ್‌ನಲ್ಲಿರುವ ನನ್ನ ತಮ್ಮನ ಜೊತೆ ಆಡಬೇಕು ಅಂತ 2020ರ ಲಾಕ್‌ಡೌನ್‌ನಲ್ಲಿ ಫೈನಲ್ ಫ್ಯಾಂಟಸಿ 14 ಅನ್ನೋ ಆನ್‌ಲೈನ್ ಆಟ ಶುರು ಮಾಡಿದೆ, ಈಗ ನೋಡಿದರೆ ಅವನ ಜೊತೆ ಆಡಿದ್ದಕ್ಕಿಂತ ಅವನಿಗಾಗಿ ಕಾಯುತ್ತಾ ಮೀನು ಹಿಡಿದದ್ದೇ ಜಾಸ್ತಿ ಅಂತ. ಸುಮ್ನೆ ತಮಾಷೆಗೆ ಬರೆದದ್ದು. ಅದಕ್ಕೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಹೀಗೆ ಕಾಯುವವರು ನಮ್ಮಲ್ಲಿ ಇಷ್ಟೊಂದು ಜನ ಇದ್ದಾರಾ! ಅದಕ್ಕೇ ಈ ಸಲ ಅವೇ ಪತ್ರಗಳಿಗೆ ಉತ್ತರ. ಪ್ರಿಂಟರ್ ಕೆಟ್ಟವರು, ಪಾಸ್‌ವರ್ಡ್ ಮರೆತವರು ಬೇಜಾರು ಮಾಡಿಕೊಳ್ಳಬೇಡಿ. ಮುಂದಿನ ತಿಂಗಳು ನಿಮ್ಮದೇ.

ಪ್ರಶ್ನೆ: ಅಕ್ಕಾ, ನಾವು ನಾಲ್ಕು ಜನ ಇಂಜಿನಿಯರಿಂಗ್ ಗೆಳೆಯರು. ಒಟ್ಟಿಗೆ ಇರೋಣ ಅಂತ ನೀವು ಹೇಳಿದ ಆಟವನ್ನೇ ಶುರು ಮಾಡಿದ್ವಿ. ಒಬ್ಬ ಪುಣೆಯಲ್ಲಿ ನೈಟ್ ಶಿಫ್ಟ್. ಒಬ್ಬ ಜರ್ಮನಿಯಲ್ಲಿ ಎಂಎಸ್ ಓದ್ತಿದ್ದಾನೆ. ಇನ್ನೊಬ್ಬನಿಗೆ ಮೊನ್ನೆ ಮದುವೆ ಆಯ್ತು, ಅವನ ಕಥೆ ಬಿಡಿ. ಶನಿವಾರ ಮಾತ್ರ ನಾಲ್ಕೂ ಜನ ಸೇರೋದು, ಅದೂ ಎರಡು ವಾರಕ್ಕೊಮ್ಮೆ. ಉಳಿದ ದಿನ ನಾನೊಬ್ಬನೇ. ಆಡಿದ್ರೆ ಅವರಿಗಿಂತ ಮುಂದೆ ಹೋಗ್ತೀನಿ, ಬೈತಾರೆ. ಆಡದಿದ್ರೆ ತಿಂಗಳ ದುಡ್ಡು ದಂಡ. ನಾನು ಹೀಲರ್ ಬೇರೆ. ಗಾಯ ಆಗೋರೇ ಇಲ್ಲದಿದ್ರೆ ಯಾರಿಗೆ ಮದ್ದು ಹಚ್ಚಲಿ?
– ಹೆಸರು ಬೇಡ, ಹಾಸನ

ಉತ್ತರ: ನಾನೂ ಹೀಲರ್ರೇ. ಹಾಗಾಗಿ ನಿಮ್ಮ ಕೊನೆಯ ಸಾಲು ಓದಿ ಜೋರಾಗಿ ನಕ್ಕೆ.

ಈ ಆಟದಲ್ಲಿ ‘ಮುಂದೆ ಹೋಗೋದು’ ಅಂದರೆ ಏನು ಅಂತ ಮೊದಲು ನೋಡೋಣ. ಎಲ್ಲರೂ ಲೆವೆಲ್ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ. ಅದು ಅಂಥ ದೊಡ್ಡ ವಿಷಯವೇ ಅಲ್ಲ. ನೀವು 50ನೇ ಲೆವೆಲ್ ಆಗಿದ್ದು, ಗೆಳೆಯರು 15ರಲ್ಲಿ ಇದ್ದರೂ, ನಾಲ್ಕು ಜನ ಸೇರಿ ರಾಕ್ಷಸರನ್ನು ಹೊಡೆಯುವ ಸಸ್ತಾಶಾ ಗುಹೆಗೆ ಒಟ್ಟಿಗೆ ಹೋದರೆ ಆಟವೇ ನಿಮ್ಮನ್ನು ಆ ಗುಹೆಯ ಮಟ್ಟಕ್ಕೆ ಇಳಿಸುತ್ತದೆ. ಆಮೇಲೆ ಕಲಿತ ಮಂತ್ರಗಳೆಲ್ಲ ಬೂದು ಬಣ್ಣಕ್ಕೆ ತಿರುಗಿ ಸುಮ್ಮನೆ ಕೂರುತ್ತವೆ. ನಿಜವಾದ ಅಡ್ಡಗೋಡೆ ಕಥೆ. ಮುಖ್ಯ ಕಥೆಯಲ್ಲಿ ಆ ಜಾಗ ಮುಟ್ಟದೆ ಮುಂದಿನ ಗುಹೆಯ ಬಾಗಿಲು ತೆರೆಯುವುದಿಲ್ಲ. ನೀವು ಕಥೆಯಲ್ಲಿ ಹತ್ತು ಹೆಜ್ಜೆ ಮುಂದೆ ಇದ್ದರೆ ಗೆಳೆಯರಿಗೆ ನೀವು ‘ನೋಡಿದ ಸಿನಿಮಾವನ್ನು ಮತ್ತೆ ನೋಡಲು ಬಂದವನು’. ಅವರು ಬೈಯುವುದು ಇದಕ್ಕೇ.

ಹಾಗಾಗಿ ಮುಂದಕ್ಕೆ ಹೋಗಬೇಡಿ, ಪಕ್ಕಕ್ಕೆ ಹೋಗಿ. ಈ ಆಟದ ದೊಡ್ಡ ಅನುಕೂಲ ಅಂದರೆ ಒಂದೇ ಪಾತ್ರ ಎಲ್ಲಾ ವಿದ್ಯೆ ಕಲಿಯಬಹುದು. ಕೈಯಲ್ಲಿರುವ ಆಯುಧ ಬದಲಾಯಿಸಿದರೆ ಕಸುಬೇ ಬದಲಾಗುತ್ತದೆ. ಹೀಲರ್ ಶನಿವಾರಕ್ಕೆ ಇರಲಿ. ಸೋಮವಾರದಿಂದ ಶುಕ್ರವಾರದವರೆಗೆ ಬಿಲ್ಲು ಹಿಡಿಯಿರಿ, ಕೊಡಲಿ ಹಿಡಿಯಿರಿ. ನಾನು ಟ್ಯಾಂಕ್, ಅಂದರೆ ಮುಂದೆ ನಿಂತು ಏಟು ತಿನ್ನುವ ಕಸುಬು, ಕಲಿತದ್ದು ಹೀಗೇ. ಕಲಿತ ಮೇಲೆ ಗೊತ್ತಾಯಿತು, ತಮ್ಮ ಟ್ಯಾಂಕ್ ಆಗಿದ್ದಾಗ ನಾನು ಅವನಿಗೆ ಎಷ್ಟು ಅನ್ಯಾಯವಾಗಿ ಬೈದಿದ್ದೆ ಅಂತ.

ಕಾಳಗ ಬೇಡ ಅನ್ನಿಸಿದ ದಿನ ಕೈಕಸುಬು ಇದೆ. ಬಡಗಿ, ಕಮ್ಮಾರ, ಅಕ್ಕಸಾಲಿಗ, ಚಮ್ಮಾರ, ನೇಕಾರ, ಅಡುಗೆಯವನು ಅಂತ ಮಾಡುವ ಕಸುಬು 8. ಗಣಿ, ಗಿಡ, ಮೀನು ಅಂತ ತರುವ ಕಸುಬು 3. ನಾನು ಅಡುಗೆ ಹಿಡಿದೆ. ಆಟದಲ್ಲಿ ಊಟ ಮಾಡಿದರೆ ಅರ್ಧ ಗಂಟೆ ಸ್ವಲ್ಪ ಶಕ್ತಿ ಜಾಸ್ತಿ, ಅನುಭವದ ಅಂಕವೂ 3 ಪರ್ಸೆಂಟ್ ಜಾಸ್ತಿ. ವಾರವೆಲ್ಲ ಅಡುಗೆ ಮಾಡಿ ಶನಿವಾರಕ್ಕೆ ಎಲ್ಲರಿಗೂ ಬುತ್ತಿ ಕಟ್ಟಿಡುತ್ತಿದ್ದೆ. ಮನೆಯಲ್ಲಿ ಕುಕ್ಕರ್ ಇಡೋಕೆ ಬೇಜಾರು, ಅಲ್ಲಿ ಮಾತ್ರ 99 ಪ್ಲೇಟ್ ಸೂಪ್ ಅಂತ ನನ್ನ ಅಮ್ಮ ಈಗಲೂ ಆಡಿಕೊಳ್ಳುತ್ತಾರೆ. ಇರಲಿ. ಒಬ್ಬಳೇ ಕಳೆದ ಐದು ದಿನ ಆ ಬುತ್ತಿಯಿಂದಾಗಿ ನಾಲ್ಕು ಜನರ ಆಟದೊಳಕ್ಕೇ ಸೇರಿಹೋಗುತ್ತಿತ್ತು. ಅಷ್ಟು ಸಾಕಾಗಿತ್ತು ನನಗೆ.

ಮೀನಿನ ವಿಷಯಕ್ಕೆ ಬರುತ್ತೇನೆ, ಯಾಕಂದರೆ ಅದನ್ನು ಹೇಳದೆ ಬಿಟ್ಟರೆ ನನಗೆ ನಿದ್ದೆ ಬರುವುದಿಲ್ಲ. ಲಿಮ್ಸಾ ಲೊಮಿನ್ಸಾ ಅಂತ ಒಂದು ಬಂದರು ಊರಿದೆ. ಅಲ್ಲಿಂದ ಎರಡು ಗಂಟೆಗೊಮ್ಮೆ ಮೀನುಗಾರರ ಹಡಗು ಹೊರಡುತ್ತದೆ. 2020ರ ಫೆಬ್ರವರಿಯಲ್ಲಿ ಸೇರಿಸಿದ್ದು. ನಮ್ಮ ಗಡಿಯಾರದಲ್ಲಿ ರಾತ್ರಿ ಏಳೂವರೆ, ಒಂಬತ್ತೂವರೆ, ಹನ್ನೊಂದೂವರೆ ಹೀಗೆ. ಹತ್ತಲು 15 ನಿಮಿಷ ಸಮಯ. ತಪ್ಪಿದರೆ ಮುಂದಿನದಕ್ಕೆ ಕಾಯಬೇಕು, ನಮ್ಮ ಹಳ್ಳಿ ಬಸ್ಸಿನ ಥರ. ಒಂದು ಹಡಗಿನಲ್ಲಿ 24 ಜನ. ಒಬ್ಬರೂ ಗುರುತಿನವರಲ್ಲ. ಸಾಲಾಗಿ ಕಟಕಟೆಗೆ ನಿಂತು ಗಾಳ ಹಾಕುತ್ತೇವೆ. ಹಡಗು ಮೂರು ಕಡೆ ನಿಲ್ಲುತ್ತದೆ. ಹೆಚ್ಚಿನವರು ಮಾತೇ ಆಡುವುದಿಲ್ಲ. ಆದರೆ ಒಂದು ಬಗೆಯ ಮೀನು ಇದೆ. ಅದು ಆ 24 ಜನರಲ್ಲಿ ಯಾರ ಗಾಳಕ್ಕೆ ಸಿಕ್ಕಿದರೂ ಸಾಕು, ಇದ್ದಕ್ಕಿದ್ದಂತೆ ಸುತ್ತ ಬೆಳಕು ಬದಲಾಗುತ್ತದೆ, ಸಮುದ್ರವೇ ಹೊಳೆಯುತ್ತದೆ, ಎಲ್ಲರ ಗಾಳಕ್ಕೂ ಮೀನು ದಬದಬ ಕಚ್ಚಲು ಶುರು. ಹಿಡಿದವರು ಯಾರು ಅಂತ ಕೂಡ ಗೊತ್ತಾಗುವುದಿಲ್ಲ. ಆಗ ಯಾರೋ ಒಬ್ಬರು ಕುಣಿಯುತ್ತಾರೆ, ಇನ್ನೊಬ್ಬರು ಚಪ್ಪಾಳೆ ತಟ್ಟುತ್ತಾರೆ, ಎರಡೇ ಕ್ಷಣ, ಮತ್ತೆ ಗಾಳ. ತಮ್ಮ ಬಾರದ ಎಷ್ಟೋ ರಾತ್ರಿ ನಾನು ಆ ಹಡಗಿನಲ್ಲಿ ಇದ್ದೆ. ಒಬ್ಬಳೇ ಇದ್ದೆ ಅಂತ ಹೇಳಲು ಮನಸ್ಸು ಬರುವುದಿಲ್ಲ.

ಈಗ ನನ್ನ ತಪ್ಪು ಹೇಳುತ್ತೇನೆ. ನಾನು ನಿಮಗೆ ‘ಕಥೆಯಲ್ಲಿ ಮುಂದೆ ಹೋಗಬೇಡಿ’ ಅಂದೆ ಅಲ್ವಾ? ನಾನು ಹೋಗಿದ್ದೆ. 2021ರಲ್ಲಿ ತಮ್ಮನಿಗೆ ಮಗು ಹುಟ್ಟಿತು. ‘ಅಕ್ಕಾ, ಎರಡು ವಾರ ಬಿಡು’ ಅಂದ. ಎರಡು ವಾರ ನಾಲ್ಕು ತಿಂಗಳಾಯಿತು. ಕಥೆ ಎಂಥ ಜಾಗದಲ್ಲಿ ನಿಂತಿತ್ತು ಅಂದರೆ, ದಿನಾ ಆ ಬಾಗಿಲ ಮುಂದೆ ಹೋಗಿ ನಿಂತು ವಾಪಸ್ ಬರುತ್ತಿದ್ದೆ. ಒಂದು ರಾತ್ರಿ ತಡೆಯಲಾಗಲಿಲ್ಲ. ‘ಎರಡೇ ಎರಡು ಕ್ವೆಸ್ಟ್’ ಅಂತ ಶುರು ಮಾಡಿದವಳು ಬೆಳಗಿನ ಹಾಲಿನವನು ಬೆಲ್ ಮಾಡುವವರೆಗೆ ಆಡಿದೆ. ಅಲ್ಲೊಂದು ದುಃಖದ ದೃಶ್ಯ ಇದೆ. ಅತ್ತುಬಿಟ್ಟೆ. ಹೇಳಿಕೊಳ್ಳಲು ಯಾರೂ ಇಲ್ಲ, ಯಾಕಂದರೆ ಹೇಳಬೇಕಾದವನಿಗೇ ಮುಚ್ಚಿಡಬೇಕು. ಆಮೇಲೆ ತಮ್ಮ ಬಂದಾಗ ಏನೂ ಗೊತ್ತಿಲ್ಲದವಳ ಥರ ಜೊತೆಗೆ ಹೋದೆ. ದೃಶ್ಯ ಮುಗಿಯಿತು. ಅವನು ಐದು ನಿಮಿಷ ಮಾತಾಡಲಿಲ್ಲ. ಆಮೇಲೆ, ‘ನೀನು ಮೊದಲೇ ನೋಡಿದ್ದೀಯಾ ಅಲ್ವಾ? ನೀನು ಕೂಗಲೇ ಇಲ್ಲ’ ಅಂದ.

ಅವತ್ತಿನಿಂದ ನಮ್ಮ ನಡುವೆ ಒಂದು ಒಪ್ಪಂದ ಆಗಿದೆ. ಕಥೆ ಇಬ್ಬರದು, ಉಳಿದದ್ದೆಲ್ಲ ಅವರವರದು. ಒಂದು ತಿಂಗಳು ಸುದ್ದಿ ಇಲ್ಲದಿದ್ದರೆ ಇನ್ನೊಬ್ಬರು ಹೇಳಿ ಮುಂದೆ ಹೋಗಬಹುದು. ಕದ್ದು ಹೋಗುವ ಹಾಗಿಲ್ಲ. ಹಾಗೆ ಹೋದವರು ಗೆಳೆಯರು ಬಂದಾಗ ಮತ್ತೆ ಜೊತೆಗೆ ಕೂತು ನೋಡಬಹುದು. ಆಟದ ಛತ್ರದ ಕೋಣೆಯಲ್ಲಿ ಒಂದು ಪುಸ್ತಕ ಇಟ್ಟಿದ್ದಾರೆ, ಕಳೆದ ದೃಶ್ಯಗಳನ್ನೆಲ್ಲ ಅದರಲ್ಲಿ ಮತ್ತೆ ಹಾಕಿಕೊಳ್ಳಬಹುದು. ಫೋನಿನಲ್ಲಿ ‘ಒಂದು, ಎರಡು, ಮೂರು’ ಎಣಿಸಿ ಒಟ್ಟಿಗೆ ಒತ್ತಿ. ನಾಲ್ಕು ಜನರೂ ಇದನ್ನು ವಾಟ್ಸಾಪ್ ಗುಂಪಿನಲ್ಲಿ ಒಂದು ಸಲ ಮಾತಾಡಿಕೊಳ್ಳಿ. ಮದುವೆಯಾದವರನ್ನೂ ಸೇರಿಸಿ.

ಇನ್ನೊಂದು. ನಾಲ್ಕರಲ್ಲಿ ಇಬ್ಬರು ಮಾತ್ರ ಬಂದ ದಿನ ಸುಮ್ಮನೆ ಕೂರಬೇಡಿ. ಇಬ್ಬರೇ ಕ್ಯೂ ಹಾಕಿದರೆ ಉಳಿದ ಎರಡು ಜಾಗಕ್ಕೆ ಆಟವೇ ಅಪರಿಚಿತರನ್ನು ಹುಡುಕಿ ಕೊಡುತ್ತದೆ. ನೀವು ಹೀಲರ್ ಆದ್ದರಿಂದ ಕ್ಯೂ ಬೇಗ ಬರುತ್ತದೆ. ಬರೀ ಹೊಡೆಯುವವರಿಗೆ ಮಾತ್ರ ಮದುವೆ ಊಟದ ಎರಡನೇ ಪಂಕ್ತಿ ಥರ ಕಾಯುವ ಯೋಗ.

ಪ್ರಶ್ನೆ: ಅಪರಿಚಿತರ ಜೊತೆ ಹೋಗಲು ತುಂಬಾ ಭಯ. ನನ್ನಿಂದ ಎಲ್ಲರೂ ಸತ್ತರೆ ಬೈತಾರೇನೋ ಅಂತ. ಹಾಗಾಗಿ ಗೆಳತಿ ಬರೋವರೆಗೆ ಆಟ ತೆರೆದು ಊರೊಳಗೆ ಓಡಾಡಿ ಮುಚ್ಚುತ್ತೇನೆ. ಏನಾದರೂ ದಾರಿ ಇದೆಯಾ?
– ಕಾಲೇಜು ವಿದ್ಯಾರ್ಥಿನಿ, ಸಾಗರ

ಉತ್ತರ: ನೀವು ಯಾವ ಆಟ ಅಂತ ಬರೆದಿಲ್ಲ. ನನಗೆ ಚೆನ್ನಾಗಿ ಗೊತ್ತಿರುವ ಆಟವನ್ನೇ ಇಟ್ಟುಕೊಂಡು ಹೇಳುತ್ತೇನೆ.

ಫೈನಲ್ ಫ್ಯಾಂಟಸಿ 14ರಲ್ಲಿ ಹೊಸಬರ ಹೆಸರಿನ ಪಕ್ಕ ಒಂದು ಹಸಿರು ಮೊಳಕೆಯ ಚಿತ್ರ ಇರುತ್ತದೆ. ಅದು ನಿಮ್ಮ ರಕ್ಷಾಕವಚ. ಮೊಳಕೆ ಕಂಡರೆ ಬಹಳ ಜನ ನಿಧಾನಿಸುತ್ತಾರೆ. ಅವರಿಗೆ ಅದರಲ್ಲಿ ಲಾಭವೂ ಇದೆ. ಗುಂಪಿನಲ್ಲಿ ಯಾರಾದರೂ ಆ ಗುಹೆಗೆ ಮೊದಲ ಸಲ ಬಂದಿದ್ದರೆ, ಮುಗಿದಾಗ ಎಲ್ಲರಿಗೂ ಸ್ವಲ್ಪ ಹೆಚ್ಚುವರಿ ಬಹುಮಾನ. ಅಂದರೆ ನೀವು ಭಾರ ಅಲ್ಲ, ಬೋನಸ್. ಒಳಗೆ ಹೋದ ಕೂಡಲೇ ಇಂಗ್ಲಿಷ್‌ನಲ್ಲಿ ‘ಹಲೋ, ಮೊದಲ ಸಲ’ ಅಂತ ಎರಡು ಮಾತು ಬರೆಯಿರಿ. ಇಷ್ಟು ವರ್ಷ ಆಡಿಯೂ ನಾನು ಹೊಸ ಗುಹೆಯಲ್ಲಿ ಅದನ್ನೇ ಬರೆಯುತ್ತೇನೆ, ನಾಚಿಕೆಯೇ ಇಲ್ಲ.

ಅದಕ್ಕೂ ಮೊದಲು ದಾರಿ ನೋಡಿಕೊಳ್ಳಬೇಕು ಅಂದರೆ, ಕಥೆಯ ಪಾತ್ರಗಳನ್ನೇ ಜೊತೆಗೆ ಕರೆದುಕೊಂಡು ಹೋಗುವ ವ್ಯವಸ್ಥೆ ಇದೆ. 2022ರ ಏಪ್ರಿಲ್‌ನಿಂದ ಆರಂಭದ ಗುಹೆಗಳಿಗೂ ಅದು ಬಂದಿದೆ. ಕಂಪ್ಯೂಟರ್ ನಡೆಸುವ ಮೂವರು, ನೀವೊಬ್ಬರು. ಅವರು ಬೈಯುವುದಿಲ್ಲ, ಕಾಯುತ್ತಾರೆ. ರಾಕ್ಷಸನ ಏಟು ಎಲ್ಲಿ ಬೀಳುತ್ತದೆ ಅಂತ ಗೊತ್ತಾಗದಿದ್ದರೆ ಅವರು ಎಲ್ಲಿ ಓಡುತ್ತಾರೋ ಅಲ್ಲಿ ಓಡಿ. ಹೊಡೆಯುವುದರಲ್ಲಿ ಸ್ವಲ್ಪ ಸೋಮಾರಿಗಳು, ಸಮಯ ಜಾಸ್ತಿ ಹಿಡಿಯುತ್ತದೆ. ಒಂದು ಸಲ ಅವರ ಜೊತೆ ಹೋಗಿ ಬಂದು, ಮರುದಿನ ಮನುಷ್ಯರ ಜೊತೆ ಹೋಗಿ. ಒಂದೇ ತೊಂದರೆ, ಗೆಳತಿ ಬಂದರೆ ಅವರು ಬರುವುದಿಲ್ಲ. ಒಬ್ಬರೇ ಇದ್ದರೆ ಮಾತ್ರ ಬರುತ್ತಾರೆ.

ಯಾರಾದರೂ ಬೈದರೆ? ಬೈಯುವವರು ಇದ್ದೇ ಇದ್ದಾರೆ, ಇಲ್ಲ ಅಂತ ಸುಳ್ಳು ಹೇಳಲ್ಲ. ಬ್ಲ್ಯಾಕ್‌ಲಿಸ್ಟ್‌ಗೆ ಹಾಕಿ ಮುಂದೆ ಹೋಗಿ. ಅವರು ಇನ್ನೊಂದು ಅರ್ಧ ಗಂಟೆಯಲ್ಲಿ ನಿಮ್ಮನ್ನು ಮರೆತಿರುತ್ತಾರೆ.

ಪ್ರಶ್ನೆ: ಮೇಡಂ, ಮಗ ದ್ವಿತೀಯ ಪಿಯುಸಿ. ಕಂಪ್ಯೂಟರ್ ಮುಂದೆ ಕೂತಿರ್ತಾನೆ. ಕೇಳಿದ್ರೆ ‘ಆಡ್ತಿಲ್ಲಮ್ಮ, ಫ್ರೆಂಡ್ಸ್‌ಗೆ ಕಾಯ್ತಿದ್ದೀನಿ’ ಅಂತಾನೆ. ಊಟಕ್ಕೆ ಕರೆದ್ರೆ ‘ಈಗ ನಿಲ್ಸಕ್ಕಾಗಲ್ಲ’ ಅಂತಾನೆ. ಆಡ್ತಿದ್ದಾನೋ ಇಲ್ವೋ ಗೊತ್ತಾಗ್ತಿಲ್ಲ. ತಿಂಗಳಿಗೆ ದುಡ್ಡು ಬೇರೆ ಕಟ್ಬೇಕಂತೆ. ಇದೂ ರಮ್ಮಿ ಥರಾನೇ?
– ಒಬ್ಬ ತಾಯಿ, ತುಮಕೂರು

ಉತ್ತರ: ಕೊನೆಯದಕ್ಕೆ ಮೊದಲು ಉತ್ತರ. ರಮ್ಮಿ ಥರ ಅಲ್ಲ. ಪಣ ಕಟ್ಟಿ ದುಡ್ಡು ಗೆಲ್ಲುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ 2025ರ ಆಗಸ್ಟ್‌ನಲ್ಲಿ ಬಂತು. ತಿಂಗಳ ಚಂದಾ ಕಟ್ಟಿ ಸುಮ್ಮನೆ ಆಡುವ ಆಟ ಆ ಗುಂಪಿಗೆ ಸೇರುವುದಿಲ್ಲ. ಇದು ಲೈಬ್ರರಿ ಚಂದಾ ಇದ್ದ ಹಾಗೆ. ಆದರೂ ಯಾವ ಆಟ, ಎಷ್ಟು ದುಡ್ಡು, ಬಟ್ಟೆಬರೆ, ಕುದುರೆ ಅಂತ ಆಟದೊಳಗಿನ ಅಂಗಡಿಯಲ್ಲಿ ಏನೇನು ಕೊಳ್ಳುತ್ತಾನೆ ಅಂತ ಕೂತು ನೋಡಿ.

‘ಈಗ ನಿಲ್ಸಕ್ಕಾಗಲ್ಲ’ ಅನ್ನುವುದು ಬಹುಮಟ್ಟಿಗೆ ನಿಜ. ಇದು ಕ್ಯಾರಂ ಅಲ್ಲ, ಕಾಯಿ ಹಾಗೇ ಇಟ್ಟು ಎದ್ದು ಬರೋಕೆ. ಅವನು ಗುಹೆಯೊಳಗೆ ಇದ್ದರೆ ಇನ್ನೂ ಮೂರೋ ನಾಲ್ಕೋ ಜನ ಜೊತೆಗಿರುತ್ತಾರೆ, ಒಬ್ಬ ಎದ್ದರೆ ಎಲ್ಲರೂ ಸಾಯುತ್ತಾರೆ. ನಾನು ಆಡುವ ಆಟದಲ್ಲಿ ಮಧ್ಯೆ ಬಿಟ್ಟು ಬಂದವರಿಗೆ ಅರ್ಧ ಗಂಟೆ ಬಾಗಿಲು ಮುಚ್ಚುವ ಶಿಕ್ಷೆಯೂ ಇದೆ. ಒಂದು ಗುಹೆ ಸಾಮಾನ್ಯವಾಗಿ 20–30 ನಿಮಿಷ. ಹಾಗಾಗಿ ‘ಊಟಕ್ಕೆ ಬಾ’ ಅನ್ನುವ ಬದಲು ಎಂಟು ಗಂಟೆಗೇ ‘ಎಂಟೂವರೆಗೆ ಊಟ, ಹೊಸ ಗುಹೆಗೆ ಹೋಗಬೇಡ’ ಅಂತ ಹೇಳಿ ನೋಡಿ. ನಮ್ಮ ಮನೆಯಲ್ಲಿ ಅಮ್ಮ ನನಗೆ ಹೀಗೇ ಹೇಳುವುದು. ನನಗೆ 43 ವರ್ಷ.

ಕಾಯುವ ವಿಷಯದಲ್ಲಿ ಮಾತ್ರ ನಾನು ನಿಮ್ಮ ಕಡೆ. ಆಡುತ್ತಿದ್ದರೆ ಆಟ, ಓದುತ್ತಿದ್ದರೆ ಓದು. ಈ ಕಾಯುವುದು ಎರಡೂ ಅಲ್ಲ. ಯಾರೋ ಬರಬಹುದು ಅಂತ ಪರದೆ ನೋಡುತ್ತಾ ಎರಡು ಗಂಟೆ ಹೋಗುತ್ತದೆ, ಕೊನೆಗೆ ಯಾರೂ ಬರುವುದಿಲ್ಲ. ನನಗೇ ಎಷ್ಟು ಸಲ ಆಗಿದೆ. ಅವನಿಗೆ ಹೇಳಿ: ಗೆಳೆಯರ ಹತ್ತಿರ ಸಮಯ ಗೊತ್ತು ಮಾಡಿಕೋ, ಆ ಸಮಯಕ್ಕೇ ತೆರೆ, 15 ನಿಮಿಷದಲ್ಲಿ ಯಾರೂ ಬರದಿದ್ದರೆ ಮುಚ್ಚು. ಇನ್ನೊಂದು ಸಮಾಧಾನದ ವಿಷಯ ಅವನಿಗೆ ಗೊತ್ತಿರುತ್ತದೆ, ನೆನಪು ಮಾಡಿ. ಇಂಥ ಹೆಚ್ಚಿನ ಆಟಗಳಲ್ಲಿ ಊರಲ್ಲೋ ಛತ್ರದಲ್ಲೋ ಪಾತ್ರವನ್ನು ಮಲಗಿಸಿ ಹೋದರೆ ‘ವಿಶ್ರಾಂತಿ’ ಅಂತ ಕೂಡಿಕೊಳ್ಳುತ್ತದೆ. ಮತ್ತೆ ಬಂದಾಗ ಅನುಭವದ ಅಂಕ ಹೆಚ್ಚು ಸಿಗುತ್ತದೆ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ ಕೊಂದ ಪ್ರಾಣಿಗೆ ಎರಡರಷ್ಟು. ಪರೀಕ್ಷೆ ಮುಗಿಯೋವರೆಗೆ ಪಾತ್ರ ಛತ್ರದಲ್ಲಿ ಮಲಗಿರಲಿ.

ಪ್ರಶ್ನೆ: ನಮಸ್ಕಾರ್ರಿ. ನಾ 2006ರಾಗ ಬೆಂಗಳೂರಿನ ಸೈಬರ್ ಕೆಫೆದಾಗ ಕುಂತು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಡಿದಾಂವ. ಆಗ 40 ಮಂದಿ ಕೂಡಿದ್ರ ಮಾತ್ರ ದೊಡ್ಡ ರಾಕ್ಷಸ ಸಾಯ್ತಿತ್ತು. ಈಗ ಹೊಳ್ಳಿ ನೋಡಿದ್ರ ಎಲ್ಲಾದಕ್ಕೂ ಕಂಪ್ಯೂಟರ್ ಗೊಂಬಿ ಜೋಡಿ ಬರ್ತಾವ. ಒಬ್ಬಾಂವನ ಆಡೂದಿದ್ರ ಆನ್‌ಲೈನ್ ಯಾಕ ಬೇಕ್ರಿ? ನಿಮ್ಮಂಥಾ ಮೀನ ಹಿಡಿಯೋರ ಸಂಬಂಧನ ಆಟ ಕೆಟ್ಟದ್ದು.
– ಹಳೇ ಆಟಗಾರ, ಹುಬ್ಬಳ್ಳಿ

ಉತ್ತರ: ಬೈಗುಳ ತಲುಪಿತು ಸರ್. ಅರ್ಧ ಒಪ್ಪಿಕೊಳ್ಳುತ್ತೇನೆ.

ಆದರೆ ನೀವು ಹೇಳುವ ಆಟವೇ ಒಂಟಿ ಆಟಗಾರರಿಂದ ಬೆಳೆದದ್ದು ಅಂದರೆ ಸಿಟ್ಟಾಗಬೇಡಿ. ಅದಕ್ಕೂ ಹಿಂದೆ, 1999ರಲ್ಲಿ, ಎವರ್‌ಕ್ವೆಸ್ಟ್ ಬಂದಿತ್ತು. ಅದು ನಿಜವಾಗಿ ಗುಂಪಿನ ಆಟ. 6 ಜನರ ಗುಂಪು ಸಿಗದಿದ್ದರೆ ಹೆಚ್ಚಿನ ಪಾತ್ರಗಳಿಗೆ ಬದುಕೇ ಕಷ್ಟ. ಸತ್ತರೆ ಗಳಿಸಿದ ಅನುಭವ ಕಡಿತ, ಸಾಮಾನೆಲ್ಲ ಹೆಣದ ಮೇಲೆ. ಅದನ್ನು ವಾಪಸ್ ತರಲು ಬರಿಗೈಯಲ್ಲಿ ಓಡಬೇಕಿತ್ತು. ಜನ ಗಂಟೆಗಟ್ಟಲೆ ಒಂದೇ ಕಡೆ ಕೂತು ‘ಗುಂಪು ಬೇಕು, ಗುಂಪು ಬೇಕು’ ಅಂತ ಕೂಗುತ್ತಿದ್ದರು. 2004ರ ನವೆಂಬರ್‌ನಲ್ಲಿ ನಿಮ್ಮ ವಾರ್‌ಕ್ರಾಫ್ಟ್ ಬಂತು. 60ನೇ ಲೆವೆಲ್‌ವರೆಗಿನ ದಾರಿಯ ಬಹುಪಾಲನ್ನು ಒಬ್ಬರೇ ನಡೆಯಬಹುದಿತ್ತು. 40 ಜನ ಸೇರುವ ಮೋಲ್ಟನ್ ಕೋರ್ ಗುಹೆ ಇದ್ದದ್ದು ಆ ದಾರಿಯ ತುದಿಯಲ್ಲಿ. ಅಲ್ಲಿವರೆಗೆ ನೀವೂ ಒಬ್ಬರೇ ಹಂದಿ ಹೊಡೆದಿದ್ದೀರಿ, ನೆನಪು ಮಾಡಿಕೊಳ್ಳಿ.

ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದ ಸಂಶೋಧಕರು ವಾರ್‌ಕ್ರಾಫ್ಟ್ ಆಟಗಾರರನ್ನು ಗಮನಿಸಿ 2006ರಲ್ಲೇ ಒಂದು ವರದಿ ಬರೆದರು. ಜನ ಈ ಆಟದಲ್ಲಿ ಬಹಳ ಹೊತ್ತು ಒಬ್ಬರೇ ಇರುತ್ತಾರೆ, ಆದರೆ ಸುತ್ತ ಜನ ಇರಬೇಕು ಅನ್ನುವುದು ಅವರಿಗೆ ಸಿಕ್ಕ ಉತ್ತರ. ಆ ಜನ ಪ್ರೇಕ್ಷಕರಾಗಿ, ನೋಡಲು ಒಂದು ತಮಾಷೆಯಾಗಿ, ಸುಮ್ಮನೆ ಒಂದು ಸದ್ದಾಗಿ ಬೇಕು. ನನಗೆ ಇದು ಕುಕ್ಕರಹಳ್ಳಿ ಕೆರೆಯ ವಾಕಿಂಗ್ ಥರ ಕಾಣುತ್ತದೆ. ನಾನು ಅಲ್ಲಿ ಯಾರ ಜೊತೆಯೂ ಮಾತಾಡುವುದಿಲ್ಲ. ಆದರೆ ಏರಿಯ ಮೇಲೆ ಒಬ್ಬರೂ ಇಲ್ಲದಿದ್ದರೆ ನಾನು ನಡೆಯಲು ಹೋಗುವುದೇ ಇಲ್ಲ. ನಿಮ್ಮ ‘ಆನ್‌ಲೈನ್ ಯಾಕ ಬೇಕ್ರಿ’ಗೆ ನನ್ನ ಉತ್ತರ ಇದು.

ಇನ್ನು ನಿಮ್ಮ ಗೊಂಬೆಗಳು. ಅವು ಹೊಸದೇನಲ್ಲ. 2005ರ ಗಿಲ್ಡ್ ವಾರ್ಸ್‌ನಲ್ಲಿ ಮೊದಲ ದಿನದಿಂದಲೂ ಬಾಡಿಗೆ ಬಂಟರು ಇದ್ದರು. ಎವರ್‌ಕ್ವೆಸ್ಟ್‌ಗೇ 2008ರಲ್ಲಿ ಕೂಲಿ ಸಿಪಾಯಿಗಳು ಬಂದರು, ಗುಂಪು ಸಿಗದವರಿಗಾಗಿ. ವಾರ್‌ಕ್ರಾಫ್ಟ್ 2024ರ ಜನವರಿಯಲ್ಲಿ ಗುಹೆಗಳಿಗೆ ಸಂಗಡಿಗರನ್ನು ಕೊಟ್ಟಿತು. ಅದರಲ್ಲಿ ಒಂದು ಜಾಣತನ ಇದೆ. ಒಬ್ಬರಿಂದ ನಾಲ್ಕು ಜನರವರೆಗೆ ಎಷ್ಟು ಮನುಷ್ಯರಿದ್ದರೂ ಸರಿ, ಐದಕ್ಕೆ ಕಡಿಮೆ ಬಿದ್ದಷ್ಟನ್ನು ಗೊಂಬೆಗಳು ತುಂಬುತ್ತವೆ. ಐದನೆಯವನ ಕಾರು ಕೆಟ್ಟಿದೆ ಅಂತ ಉಳಿದ ನಾಲ್ಕು ಜನ ಮನೆಗೆ ಹೋಗಬೇಕಿಲ್ಲ. ಈ ಒಂದು ವಿಷಯದಲ್ಲಿ ನನ್ನ ಆಟಕ್ಕಿಂತ ನಿಮ್ಮ ಆಟ ಮೇಲು.

ಈಗ ಒಪ್ಪಿಕೊಳ್ಳುವ ಅರ್ಧ. ನನ್ನ ಪ್ರಕಾರ ಕೆಡಿಸಿದ್ದು ಗೊಂಬೆ ಅಲ್ಲ, ಗುಂಡಿ. 2009ರ ಡಿಸೆಂಬರ್‌ನಲ್ಲಿ ವಾರ್‌ಕ್ರಾಫ್ಟ್‌ಗೆ ಒಂದು ಗುಂಡಿ ಬಂತು. ಒತ್ತಿದರೆ ಐದು ಅಪರಿಚಿತರನ್ನು ತಾನೇ ಸೇರಿಸಿ ಗುಹೆಯ ಬಾಗಿಲಿಗೆ ಬಿಡುತ್ತದೆ. ಅದಕ್ಕೂ ಮೊದಲು ಊರಲ್ಲಿ ಕೂಗಬೇಕಿತ್ತು, ಕೇಳಬೇಕಿತ್ತು, ಬೇಡಬೇಕಿತ್ತು, ಬಾಗಿಲವರೆಗೆ ಜೊತೆಗೆ ನಡೆಯಬೇಕಿತ್ತು. ನಡೆಯುವಾಗಲೇ ಮಾತು. ಈಗ 20 ನಿಮಿಷ ಒಟ್ಟಿಗೆ ಹೋರಾಡಿ ‘ಥ್ಯಾಂಕ್ಸ್’ ಕೂಡ ಹೇಳದೆ ಮಾಯವಾಗುತ್ತಾರೆ. ಮನುಷ್ಯರೇ ಗೊಂಬೆಗಳಂತೆ ಆಡಿದರೆ ಗೊಂಬೆಗಳ ಮೇಲೆ ಏನು ಸಿಟ್ಟು ಸರ್?

ಆದರೂ ಗೊಂಬೆಯಿಂದ ಆಗದ ಒಂದು ಕೆಲಸ ಇದೆ. ನಮ್ಮ ತಮ್ಮ ಒಂದು ಸಲ ಟ್ಯಾಂಕ್ ಆಗಿದ್ದಾಗ ಎಡಕ್ಕೆ ಹೋಗುವ ಬದಲು ಬಲಕ್ಕೆ ಹೋಗಿ, ಎರಡು ಕೋಣೆಯ ದೆವ್ವಗಳನ್ನೆಲ್ಲ ಬೆನ್ನಿಗೆ ಕಟ್ಟಿಕೊಂಡು, ‘ಅಕ್ಕಾ ಅಕ್ಕಾ ಅಕ್ಕಾ’ ಅಂತ ಕಿರುಚುತ್ತಾ ನನ್ನ ಕಡೆಗೇ ಓಡಿ ಬಂದ. ನಾಲ್ಕೂ ಜನ ಸತ್ತೆವು. ಐದು ವರ್ಷವಾದರೂ ಆ ಮಾತು ಬಂದರೆ ನಗುತ್ತೇವೆ. ಗೊಂಬೆ ಹಾಗೆ ದಾರಿ ತಪ್ಪುವುದಿಲ್ಲ.

ಪ್ರಶ್ನೆ: ಕಲಬುರಗಿಯಿಂದ ಆಡಿದರೆ ಪಿಂಗ್ 200ರ ಮೇಲೆ ಬರುತ್ತದೆ. ಗೆಳೆಯರ ಜೊತೆ ಹೋದರೆ ನಾನೇ ಮೊದಲು ಸಾಯೋದು. ಒಬ್ಬನೇ ಆಡುವುದು ವಾಸಿಯಾ?
– ಓದುಗ, ಕಲಬುರಗಿ

ಉತ್ತರ: ಪಿಂಗ್ ಅಂದರೆ ಸರ್ವರ್‌ಗೆ ಹೋಗಿ ಬರಲು ಹಿಡಿಯುವ ಮಿಲಿಸೆಕೆಂಡ್. ನನ್ನದು 250. ತಮ್ಮನಿಗಾಗಿ ಅಮೆರಿಕದ ಸರ್ವರ್‌ನಲ್ಲಿ ಕೂತಿದ್ದೇನೆ. ಗೆಳೆಯರೆಲ್ಲ ಭಾರತದಲ್ಲೇ ಇದ್ದರೆ ನೀವು ಹಾಗೆ ಮಾಡಬೇಡಿ, ಎಲ್ಲರೂ ಸೇರಿ ಹತ್ತಿರದ್ದನ್ನು ಆರಿಸಿಕೊಳ್ಳಿ. ಫೈನಲ್ ಫ್ಯಾಂಟಸಿ 14ರಲ್ಲಿ ಎರಡು ಹೊಡೆತಗಳ ನಡುವೆ ಎರಡೂವರೆ ಸೆಕೆಂಡ್ ಬಿಡುವು ಇರುತ್ತದೆ, ಹಾಗಾಗಿ 200 ಅಂಥ ಅಪಾಯ ಅಲ್ಲ. ಸಾಯಲು ಕಾರಣ ಬೇರೆ ಇರಬಹುದು. ನೆಲದ ಮೇಲೆ ಕಿತ್ತಳೆ ವೃತ್ತ ಬಿದ್ದಾಗ ನೀವು ಏಟು ಕಣ್ಣಿಗೆ ಕಾಣೋವರೆಗೆ ಕಾಯುತ್ತೀರಿ. ಏಟು ತಗುಲಿತೋ ಇಲ್ಲವೋ ಅನ್ನುವುದು ರಾಕ್ಷಸನ ಮಂತ್ರ ಎಷ್ಟಾಯಿತು ಅಂತ ತೋರಿಸುವ ಪಟ್ಟಿ ತುಂಬಿದ ಕ್ಷಣಕ್ಕೇ ತೀರ್ಮಾನ ಆಗಿರುತ್ತದೆ, ಬೆಂಕಿ ಕಾಣುವುದು ಆಮೇಲೆ. ವೃತ್ತ ಕಂಡ ಕೂಡಲೇ ಕಾಲು ಕೀಳಿ.

ಪ್ರಶ್ನೆ: ದುಡ್ಡು ಕಟ್ಟದೆ, ಯಾರನ್ನೂ ಕಾಯದೆ, ಆದರೆ ಜನರ ನಡುವೆ ಆಡುವಂಥದ್ದು ಯಾವುದಿದೆ?
– ಗೃಹಿಣಿ, ಉಡುಪಿ

ಉತ್ತರ: ಎರಡು ಹೇಳುತ್ತೇನೆ. ಗಿಲ್ಡ್ ವಾರ್ಸ್ 2, 2012ರದ್ದು. 2015ರಿಂದ ಅದರ ಮೂಲ ಆಟ ಉಚಿತ. ಪಾರ್ಟಿ ಕಟ್ಟುವ ಗೊಡವೆಯೇ ಇಲ್ಲ. ಬಯಲಲ್ಲಿ ಯಾರೋ ರಾಕ್ಷಸನನ್ನು ಹೊಡೆಯುತ್ತಿದ್ದರೆ ನೀವೂ ಹೋಗಿ ನಾಲ್ಕು ಏಟು ಹಾಕಿ, ನಿಮ್ಮ ಪಾಲು ನಿಮಗೆ, ಅವರ ಪಾಲು ಅವರಿಗೆ. ಬಿದ್ದರೆ ದಾರಿಹೋಕರು ಎತ್ತಿ ನಿಲ್ಲಿಸುತ್ತಾರೆ. ಎರಡನೆಯದು ನನ್ನದೇ ಆಟದ ಉಚಿತ ಟ್ರಯಲ್. 2020ರ ಆಗಸ್ಟ್‌ನಿಂದ 60ನೇ ಲೆವೆಲ್‌ವರೆಗೆ ಇತ್ತು, 2023ರ ಅಕ್ಟೋಬರ್‌ನಲ್ಲಿ 70ಕ್ಕೆ ಏರಿಸಿದರು. ದಿನಗಳ ಲೆಕ್ಕ ಇಲ್ಲ. ಆದರೆ ಟ್ರಯಲ್‌ನವರು ತಾವಾಗಿ ಪಾರ್ಟಿ ಕಟ್ಟುವ ಹಾಗಿಲ್ಲ, ಕರೆದರೆ ಸೇರಬಹುದು. ಸಂತೆಯಲ್ಲಿ ಕೊಳ್ಳುವಂತಿಲ್ಲ, ಮಾರುವಂತಿಲ್ಲ. ಒಮ್ಮೆ ದುಡ್ಡು ಕಟ್ಟಿದರೆ ವಾಪಸ್ ಟ್ರಯಲ್‌ಗೆ ಬರಲಾಗುವುದಿಲ್ಲ. ಹಾಗಾಗಿ ಅವಸರ ಮಾಡಬೇಡಿ.

ಪ್ರಶ್ನೆ: ನಿಮ್ಮ ತಮ್ಮ ಈಗಲಾದರೂ ಬರ್ತಾರಾ?
– ಕುತೂಹಲಿ, ಚಿತ್ರದುರ್ಗ

ಉತ್ತರ: ಹೋದ ಶನಿವಾರ ಬಂದ, ಏಳು ತಿಂಗಳ ಮೇಲೆ. ಅವನ ಶುಕ್ರವಾರ ರಾತ್ರಿ ಒಂಬತ್ತು ಅಂದರೆ ಈಗಿನ ಲೆಕ್ಕದಲ್ಲಿ ನಮಗೆ ಶನಿವಾರ ಬೆಳಗ್ಗೆ ಒಂಬತ್ತೂವರೆ. ನವೆಂಬರ್‌ನಲ್ಲಿ ಅವರು ಗಡಿಯಾರ ತಿರುಗಿಸಿದ ಮೇಲೆ ಹತ್ತೂವರೆ ಆಗುತ್ತದೆ. ನಾನು ದೋಸೆ ಹಿಟ್ಟನ್ನು ಫ್ರಿಜ್‌ಗೆ ವಾಪಸ್ ಇಟ್ಟು, ಎಲ್ಲರಿಗೂ ಉಪ್ಪಿಟ್ಟು ಅಂತ ಘೋಷಿಸಿ, ಎಂಟು ಐವತ್ತಕ್ಕೇ ಕೂತೆ. ಬುತ್ತಿ ಸಿದ್ಧ, ಅವನ ಟ್ಯಾಂಕ್‌ಗೆ ಹೊಸ ಗುರಾಣಿ ಸಿದ್ಧ.

ಅವನು ಆಟ ತೆರೆದ. ಏಳು ತಿಂಗಳ ಅಪ್‌ಡೇಟ್ ಇಳಿಯಲು ಶುರುವಾಯಿತು. ಫೋನ್ ಸ್ಪೀಕರ್‌ಗೆ ಹಾಕಿ ಇಬ್ಬರೂ ಕಾದೆವು. ಅಮ್ಮನೂ ಬಂದು ಕೂತರು. ಅಪ್ಪನ ಮೊಣಕಾಲು, ಪಕ್ಕದ ಮನೆಯವರು ಮಾವಿನ ಮರ ಕಡಿಸಿದ್ದು, ಮಗುವಿನ ಶಾಲೆ, ಅಲ್ಲಿನ ಮಳೆ. 40 ಪರ್ಸೆಂಟ್. 63 ಪರ್ಸೆಂಟ್. 92 ಆದಾಗ ಆ ಕಡೆ ಮಗು ಎದ್ದು ಅತ್ತಿತು. ‘ಬಂದೆ ಅಕ್ಕಾ, ಎರಡೇ ನಿಮಿಷ’ ಅಂದ. ಹನ್ನೊಂದರವರೆಗೆ ನೋಡಿದೆ. ಆಮೇಲೆ ‘ಮಗುವಿನ ಪಕ್ಕದಲ್ಲೇ ನಿದ್ದೆ ಹೋಗಿದ್ದಾರೆ’ ಅಂತ ನಾದಿನಿಯ ಮೆಸೇಜ್ ಬಂತು.

ಒಂಬತ್ತೂವರೆ ಹಡಗು ಹೋಗಿಯಾಗಿತ್ತು. ಹನ್ನೊಂದೂವರೆದಕ್ಕೆ ಹತ್ತಿದೆ.